ಟವರ್ ಇಲ್ಲದ ಜಾಲಕ್ಕೆ ಕಾವಲು ಬೇಡವೇ?

ಮಾನ್ಯರೇ,

ಮಳೆಗಾಲ ಹತ್ತಿರವಾದಾಗಲೆಲ್ಲ ‘ಟವರ್ ಕೆಟ್ಟರೂ ಫೋನ್‌ನಿಂದ ಫೋನ್‌ಗೆ ಸಂದೇಶ’ ಎಂಬ ಮಾತು ಕೇಳಿಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲದ ಜನ ಪಟ್ಟ ಪಾಡನ್ನು ಕಂಡ ಕೊಡಗಿನವರಿಗೆ ಇಂಥ ಜಾಲ ಬೇಕೇ ಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಜಾಲಗಳ ಪಾಠ ಹೇಳುವ ನಾನೂ ಅದರ ಪರವೇ. ಆದರೆ ‘ಸಂದೇಶ ಗೂಢಲಿಪಿಯಲ್ಲಿ ಹೋಗುತ್ತದೆ, ಭಯವಿಲ್ಲ’ ಎಂದು ಹಲವರು ಮಾತು ಮುಗಿಸಿಬಿಡುವುದು ನನ್ನನ್ನು ಕಳವಳಕ್ಕೆ ಈಡುಮಾಡುತ್ತದೆ. ಓದಲು ಬಾರದ ಸಂದೇಶವನ್ನೂ ನಡುದಾರಿಯಲ್ಲಿ ನುಂಗಿಹಾಕಬಹುದಲ್ಲ!

ಈ ಜಾಲದಲ್ಲಿ ಪ್ರತಿ ಫೋನೂ ಅಂಚೆಯಣ್ಣನೇ. ದಾರಿ ಹುಡುಕಲು ಬಳಸುವ ಪ್ರಸಿದ್ಧ ನಿಯಮಾವಳಿಗಳಲ್ಲಿ ಎಒಡಿವಿ ಒಂದು. ಅದರ ಗತಿಯನ್ನು ಪ್ರಯೋಗಾಲಯದ ಸಿಮ್ಯುಲೇಟರ್‌ನಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ‘ಆಸ್ಪತ್ರೆಗೆ ದಾರಿ ಯಾರು ಬಲ್ಲಿರಿ?’ ಎಂದು ಒಂದು ಫೋನ್ ಕೇಳುತ್ತದೆ. ದಾರಿ ನಿಜವಾಗಿ ಗೊತ್ತಿರುವ ಫೋನ್, ಅನುಕ್ರಮ ಸಂಖ್ಯೆ 12, ಮೂರು ಜಿಗಿತ (ಫೋನ್‌ನಿಂದ ಫೋನ್‌ಗೆ ಮೂರು ಸಲ ದಾಟುವಷ್ಟು) ದೂರ ಎನ್ನುತ್ತದೆ. ಕಿಡಿಗೇಡಿ ಫೋನ್ ಹುಡುಕುವ ಗೋಜಿಗೇ ಹೋಗದೆ, ಸಂಖ್ಯೆ 4000, ಒಂದೇ ಜಿಗಿತ ಎನ್ನುತ್ತದೆ. ಸಂಖ್ಯೆ ದೊಡ್ಡದಿದ್ದರೆ ಮಾಹಿತಿ ಹೊಸದು, ಹೊಸದನ್ನೇ ನಂಬಬೇಕು ಎಂಬುದು ನಿಯಮ. ಆ ಕ್ಷಣದಿಂದ ಸಂದೇಶಗಳೆಲ್ಲ ಸುಳ್ಳುಗಾರನ ಪಾಲು. ಒಂದೂ ಮುಂದೆ ಹೋಗುವುದಿಲ್ಲ. ಇದೇ ‘ಬ್ಲ್ಯಾಕ್ ಹೋಲ್’ ದಾಳಿ. 2003ರಲ್ಲಿ ಪ್ರಕಟವಾದ ಆ ನಿಯಮಾವಳಿಯೇ, ತಾನು ವಿಶೇಷ ಭದ್ರತಾ ಕ್ರಮವೇನನ್ನೂ ವಿಧಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿಕೊಂಡಿದೆ.

ಮದ್ದಿಲ್ಲದ ರೋಗವೇನೂ ಇದಲ್ಲ. ಮಾರ್ಗದ ಮಾಹಿತಿಯ ಸಾಚಾತನವನ್ನು ಬ್ಯಾಟರಿಗೆ ಹೆಚ್ಚು ಹೊರೆಯಾಗದಂತೆ ಪರೀಕ್ಷಿಸುವ ‘ಅರಿಯಾಡ್ನೆ’ ಎಂಬ ವಿಧಾನವನ್ನು ಸಂಶೋಧಕರಾದ ಹೂ, ಪೆರಿಗ್ ಮತ್ತು ಜಾನ್ಸನ್ 2002ರಲ್ಲೇ ಮುಂದಿಟ್ಟರು. ಇಬ್ಬರು ಕಿಡಿಗೇಡಿಗಳು ಸೇರಿ ದೂರದ ಎರಡು ಕಡೆಗಳ ನಡುವೆ ಕಳ್ಳದಾರಿ ತೋಡುವ ‘ವರ್ಮ್‌ಹೋಲ್’ ದಾಳಿ ಇನ್ನೂ ಕಠಿಣ. ಅದಕ್ಕೂ ಸಂದೇಶದ ಸಮಯ, ಸ್ಥಳಗಳನ್ನು ತಾಳೆ ನೋಡುವ ಉಪಾಯವನ್ನು ಅವರೇ ಸೂಚಿಸಿದ್ದಾರೆ. ಕೊರತೆ ಇರುವುದು ಇವನ್ನು ಅಳವಡಿಸುವ ಕಾಳಜಿಯಲ್ಲಿ.

ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. 2019ರಲ್ಲಿ ಹಾಂಗ್‌ಕಾಂಗ್ ಪ್ರತಿಭಟನಕಾರರು ಹೀಗೆ ಫೋನ್‌ನಿಂದ ಫೋನ್‌ಗೆ ಸಂದೇಶ ದಾಟಿಸುವ ಬ್ರಿಡ್ಜಿಫೈ ಎಂಬ ಆ್ಯಪ್ ನೆಚ್ಚಿಕೊಂಡಿದ್ದರು. ಮರುವರ್ಷ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಸಂಶೋಧಕರು ಪರೀಕ್ಷಿಸಿದಾಗ, ಅದರಲ್ಲಿ ಬೇರೆಯವರ ಸೋಗು ಹಾಕಲು, ಸಂದೇಶ ಓದಲು ಸಾಧ್ಯವಿತ್ತು. ದುರುದ್ದೇಶದಿಂದ ಹೆಣೆದ ಒಂದೇ ಸಂದೇಶದಿಂದ ಜಾಲವನ್ನೇ ಸ್ತಬ್ಧಗೊಳಿಸಬಹುದಿತ್ತು.

ಆದ್ದರಿಂದ ಜಿಲ್ಲಾಡಳಿತಗಳು, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಂಥ ಉಪಕರಣಗಳನ್ನು ಕೊಳ್ಳುವಾಗ ಟೆಂಡರ್‌ನಲ್ಲೇ ಒಂದು ಷರತ್ತು ಸೇರಿಸಲಿ: ಬೇಕೆಂದೇ ಒಂದು ಫೋನ್ ಸುಳ್ಳು ದಾರಿ ಹೇಳುವಂತೆ ಮಾಡಿ, ಉಳಿದವುಗಳ ಸಂದೇಶ ಗುರಿ ಮುಟ್ಟುತ್ತದೆಯೇ ಎಂದು ಮಲೆನಾಡಿನ ಕಾಡು ಕಣಿವೆಯಲ್ಲೇ ಪರೀಕ್ಷಿಸಬೇಕು, ಆಮೇಲಷ್ಟೇ ಹಣ ಪಾವತಿಯಾಗಬೇಕು. ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಅಂಕ ಕೊಡುವ ಪರೀಕ್ಷಕರೂ ಇದೇ ಪ್ರಶ್ನೆ ಕೇಳಲಿ.

— ಉಪನ್ಯಾಸಕಿ, ಮಡಿಕೇರಿ