ಶಾಲೆಯ ಬೀಗದ ಕೈ: ಮಗಳಿಗೊಂದು ಪತ್ರ

ತೀರ್ಥಹಳ್ಳಿ
ಡಿಸೆಂಬರ್ 2025

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಕೇಳಿದ್ದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊರೊನಾದಂಥ ಕಾಯಿಲೆ ಇನ್ನೊಮ್ಮೆ ಬಂದರೆ ಶಾಲೆ ಮುಚ್ಚಬೇಕಾ, ಬೇಡವಾ? ನಿಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ ಜೋರು ಮಾತೇ ಆಯಿತು ಅಂದೆ. ಹಿರಿಯ ಮೇಡಂ ಒಬ್ಬರು ಮೊದಲ ದಿನವೇ ಮುಚ್ಚಬೇಕು ಅಂದರು. ನೀನು ಯಾವ ಕಾರಣಕ್ಕೂ ಮುಚ್ಚಬಾರದು ಅಂದೆ.

ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಆರನೇ ಕ್ಲಾಸಿನ ಕೆಲವು ಮಕ್ಕಳು ಒತ್ತಕ್ಷರ ಬಂದ ಕೂಡಲೇ ಓದುವುದು ನಿಲ್ಲಿಸಿ ನಿನ್ನ ಮುಖ ನೋಡುತ್ತಾರೆ ಅಂದೆಯಲ್ಲ. ಆ ಮಕ್ಕಳು 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದವರು. ಅ ಆ ಇ ಈ ಕಲಿಯುವ ವರ್ಷ ಅವರು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಎರಡನೇ ಕ್ಲಾಸಿನ ಅರ್ಧ ವರ್ಷವೂ ಹಾಗೇ ಹೋಯಿತು. 2021ರ ಅಕ್ಟೋಬರ್ 25ಕ್ಕೆ ಬಾಗಿಲು ತೆರೆದಾಗ ಅವರ ಕೈಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟರು. ಓದುವುದಕ್ಕೆ ಮೊದಲು ಕಲಿಯಬೇಕಾದದ್ದನ್ನು ಕಲಿಸಿಯೇ ಇರಲಿಲ್ಲ.

ಆದರೂ ಯಾವ ಕಾರಣಕ್ಕೂ ಮುಚ್ಚಬಾರದು ಅನ್ನುವ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯಾಗಿ ಆ ಎರಡು ವರ್ಷ ಮನೆ ಮನೆ ತಿರುಗಿದವಳು ನಾನು. 2021ರ ಏಪ್ರಿಲ್, ಮೇ ತಿಂಗಳು ಹೇಗಿತ್ತು ಅಂತ ನೀನೂ ನೋಡಿದ್ದೀಯ. ಬೆರಳಿಗೆ ಆಕ್ಸಿಮೀಟರ್ ಹಾಕಿ ನಂಬರ್ ನೋಡುವಾಗ ನನ್ನ ಕೈ ನಡುಗುತ್ತಿತ್ತು. ಒಂದೇ ಮನೆಯಲ್ಲಿ ಅಜ್ಜ, ಮಗ ಇಬ್ಬರೂ ಉಸಿರಿಗೆ ಕಷ್ಟಪಡುತ್ತಿದ್ದರು, ಶಿವಮೊಗ್ಗದಲ್ಲಿ ಬೆಡ್ ಸಿಗುತ್ತಾ ಅಂತ ಗೊತ್ತಿರಲಿಲ್ಲ. ಆಗ ಶಾಲೆ ತೆರೆದಿಡಿ ಅಂತ ಯಾರಾದರೂ ಅಂದಿದ್ದರೆ ನಾನೇ ಹೋಗಿ ಬಾಗಿಲು ಹಾಕುತ್ತಿದ್ದೆ. ಆಸ್ಪತ್ರೆಯಲ್ಲಿ ಜಾಗ ಇಲ್ಲದ ದಿನಗಳಲ್ಲಿ ಜನ ಸೇರುವ ಯಾವ ಜಾಗವೂ ತೆರೆದಿರಬಾರದು.

2020ರ ಮಾರ್ಚ್‌ನಲ್ಲಿ ಮುಚ್ಚಿದ್ದೂ ಸರಿಯೇ. ಕಲಬುರಗಿಯಲ್ಲಿ ದೇಶದ ಮೊದಲ ಸಾವು ಆಗಿತ್ತು. ಈ ಕಾಯಿಲೆ ಯಾರಿಗೆ ಹೇಗೆ ಬರುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಫ್ಲೂ ಜ್ವರ ಹರಡುವುದು ಮಕ್ಕಳಿಂದಲೇ ಜಾಸ್ತಿ. ಶಾಲೆಯಲ್ಲಿ ಒಂದು ಮಗುವಿಗೆ ಬಂದರೆ ವಾರದಲ್ಲಿ ಊರಿಗೆಲ್ಲ ಬರುತ್ತದೆ. ಇದೂ ಹಾಗೇ ಇರಬಹುದು ಅಂತ ಹೆಚ್ಚಿನ ದೇಶದವರು ಅಂದುಕೊಂಡರು. 2020ರ ಏಪ್ರಿಲ್ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು 160 ಕೋಟಿ ಮಕ್ಕಳು ಮನೆಯಲ್ಲಿದ್ದರು ಅಂತ ಯುನೆಸ್ಕೋ ಹೇಳಿತ್ತು. ಕಾಯಿಲೆ ಅರ್ಥವಾಗುವವರೆಗೆ ಕೆಲವು ವಾರ ಬಾಗಿಲು ಹಾಕಿಕೊಂಡರೆ ತಪ್ಪೇನಿಲ್ಲ.

ನನ್ನ ತಕರಾರು ಮುಚ್ಚಿದ್ದಕ್ಕಲ್ಲ ಮಾರಾಯ್ತಿ, ತೆರೆಯದೇ ಇದ್ದದ್ದಕ್ಕೆ.

ನೆನಪು ಮಾಡಿಕೋ. 2020ರ ಮೇ ತಿಂಗಳ ಮೊದಲ ವಾರ ಕಳೆದರೂ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ನಮ್ಮದು ಹಸಿರು ವಲಯ. ಮೇ 4ಕ್ಕೆ ರಾಜ್ಯದಲ್ಲಿ ಮದ್ಯದ ಅಂಗಡಿ ತೆರೆದವು. ಆಮೇಲೆ ಬಸ್ಸು ಬಿಟ್ಟರು, ಸಂತೆ ಶುರುವಾಯಿತು, ಮದುವೆಗೆ ಇಷ್ಟು ಜನ ಅಂತ ಲೆಕ್ಕ ಕೊಟ್ಟರು. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆಯೂ ನಡೆಯಿತು. ಮತಗಟ್ಟೆ ಎಲ್ಲಿ? ಶಾಲೆಯಲ್ಲೇ! ಊರಿನ ದೊಡ್ಡವರೆಲ್ಲ ಸಾಲು ನಿಂತು ಆ ಕೋಣೆಗೆ ಹೋಗಿ ಬಂದರು. ಆ ಕೋಣೆ ಯಾರದೋ ಆ ಮಕ್ಕಳಿಗೆ ಮಾತ್ರ ಪ್ರವೇಶ ಇರಲಿಲ್ಲ. ಈಗಲೂ ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಮತ ಹಾಕುವವರ ಅನುಕೂಲ ಎಲ್ಲರೂ ಕೇಳಿದರು. ಆರು ವರ್ಷದ ಮಗುವಿನ ಪರವಾಗಿ ಕೇಳುವವರು ಇರಲಿಲ್ಲ.

ತೆರೆಯುವಾಗಲೂ ಮೇಲಿನಿಂದ ಶುರು ಮಾಡಿದರು. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯು, ಫೆಬ್ರವರಿಯಲ್ಲಿ ಒಂಬತ್ತನೇ ಕ್ಲಾಸು, ಆಮೇಲೆ ಆರರಿಂದ ಎಂಟು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ಮತ್ತೆ ಬೀಗ. ಒಂದರಿಂದ ಐದರವರೆಗಿನವರ ಸರದಿ ಬರಲೇ ಇಲ್ಲ. ಪರೀಕ್ಷೆ ಇದ್ದವರಿಗೆ ಶಾಲೆ, ಇಲ್ಲದವರಿಗೆ ಮನೆ ಅನ್ನುವ ಲೆಕ್ಕ ಅದು. ಹತ್ತನೇ ಕ್ಲಾಸಿನ ಹುಡುಗ ಪುಸ್ತಕ ಹಿಡಿದು ಒಬ್ಬನೇ ಕೂತು ಸ್ವಲ್ಪವಾದರೂ ಓದಬಲ್ಲ. ಅಕ್ಷರವೇ ಬಾರದ ಮಗು ಒಬ್ಬನೇ ಕೂತು ಏನು ಮಾಡಬೇಕು? ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2021ರ ಜುಲೈನಲ್ಲಿ ಇದನ್ನೇ ಹೇಳಿದರು. ಸಣ್ಣ ಮಕ್ಕಳು ಈ ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಆದ್ದರಿಂದ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದು ಅಂತ. ಅವರ ರಕ್ತಪರೀಕ್ಷೆಯ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಗಲೇ ಸೋಂಕು ಬಂದು ಹೋಗಿತ್ತು. ಶಾಲೆ ಮುಚ್ಚಿದ್ದರೂ ಮನೆಯೊಳಗೇ ಬಂದಿತ್ತು.

ನೀನು ಸ್ವೀಡನ್ ವಿಷಯ ಹೇಳಿದೆ. ಅಲ್ಲಿ ಸಣ್ಣ ಮಕ್ಕಳ ಶಾಲೆ ಮುಚ್ಚಲೇ ಇಲ್ಲ, ಮೊದಲ ನಾಲ್ಕು ತಿಂಗಳಲ್ಲಿ 1ರಿಂದ 16 ವರ್ಷದ ಸುಮಾರು 19.5 ಲಕ್ಷ ಮಕ್ಕಳಲ್ಲಿ ಒಂದು ಮಗುವೂ ಕೊರೊನಾದಿಂದ ಸಾಯಲಿಲ್ಲ ಅಂತ. ಒಳ್ಳೆಯ ಸಂಗತಿಯೇ. ಆದರೆ ನಮ್ಮ ಮನೆಗಳಲ್ಲಿ ಮಗು ಶಾಲೆಯಿಂದ ಬಂದು ಸೀದಾ ಅಜ್ಜಿಯ ಮಡಿಲಿಗೆ ಹೋಗುತ್ತದೆ. ಆ ಮೇಡಂ ಹೆದರುವುದೂ ಅದಕ್ಕೇ. ಇನ್ನೊಂದು ದೇಶದ ಲೆಕ್ಕ ತೋರಿಸಿ ಅವರ ಬಾಯಿ ಮುಚ್ಚಿಸಬೇಡ. ಮಗುವನ್ನು ಕಾಪಾಡುವುದರ ಜೊತೆಗೆ ಅಜ್ಜಿಯನ್ನೂ ಕಾಪಾಡುವುದು ಹೇಗೆ ಅಂತ ಕೇಳಿದರೆ ಮಾತು ಮುಂದೆ ಹೋಗುತ್ತದೆ.

ಮಲೆನಾಡಿನವರಿಗೆ ಇದು ಹೊಸದಲ್ಲ. ಪ್ರತಿ ಜುಲೈನಲ್ಲಿ ಮಳೆಗೆ ರಜೆ ಹೇಗೆ ಕೊಡುತ್ತಾರೆ? ಆಗುಂಬೆಯಲ್ಲಿ ಹಳ್ಳ ಉಕ್ಕಿ ಹರಿದರೆ ತೀರ್ಥಹಳ್ಳಿ ತಾಲ್ಲೂಕಿಗೆ ರಜೆ. ಅದೇ ದಿನ ಶಿಕಾರಿಪುರದಲ್ಲಿ ಶಾಲೆ ನಡೆಯುತ್ತಿರುತ್ತದೆ. ರಜೆ ಇವತ್ತಿಗೆ, ಹೆಚ್ಚೆಂದರೆ ನಾಳೆಗೆ. ಹೋದ ಪಾಠವನ್ನು ಶನಿವಾರ ಮಧ್ಯಾಹ್ನ ಕೂರಿಸಿ ಮುಗಿಸುತ್ತಾರೆ. ಮಂಗನ ಕಾಯಿಲೆಯಲ್ಲೂ ಅಷ್ಟೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು, ಈಗಲೂ ಚಳಿಗಾಲ ಬಂತೆಂದರೆ ನಮಗೆ ಅದೇ ಕೆಲಸ. ಎಲ್ಲಿ ಮಂಗ ಸತ್ತಿದೆ ಅಂತ ಹುಡುಕುತ್ತೇವೆ, ಕಾಯಿಲೆ ಹರಡುವ ಉಣ್ಣೆ ಸಾಯಲಿ ಅಂತ ಅದರ ಸುತ್ತ ಪುಡಿ ಹಾಕಿಸುತ್ತೇವೆ, ಆ ಜಾಗಕ್ಕೆ ದರಗು, ಒಣ ಎಲೆ ತರಲು ಹೋಗಬೇಡಿ ಅನ್ನುತ್ತೇವೆ, ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತೇವೆ. ರಾಜ್ಯದ ಕಾಡನ್ನೆಲ್ಲ ಮುಚ್ಚಿ ಅಂತ ಯಾರೂ ಹೇಳುವುದಿಲ್ಲ.

ಕೊರೊನಾದಲ್ಲಿ ಈ ಬುದ್ಧಿ ಬರಲು ಒಂದೂವರೆ ವರ್ಷ ಬೇಕಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಆರರಿಂದ ಎಂಟನೇ ಕ್ಲಾಸು ತೆರೆಯುವಾಗ, ಪರೀಕ್ಷೆ ಮಾಡಿದವರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ ಸೋಂಕಿರುವ ತಾಲ್ಲೂಕುಗಳಲ್ಲಿ ತೆರೆಯಬಹುದು ಅಂದರು. ತಾಲ್ಲೂಕು ನೋಡಿ ಹೇಳಿದ ಆ ಆದೇಶವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓದಿ ನನಗೆ ಸಮಾಧಾನವಾಯಿತು. 2020ರ ಜೂನ್‌ನಲ್ಲೇ ಹೀಗೆ ಮಾಡಿದ್ದರೆ ನಿನ್ನ ಆರನೇ ಕ್ಲಾಸಿನವರು ಇವತ್ತು ಬೇರೆ ಥರ ಓದುತ್ತಿದ್ದರು.

ನಮ್ಮ ಕಡೆಯ ಶಾಲೆಗಳನ್ನೇ ನೋಡು. ಎಷ್ಟೋ ಕಡೆ ಒಂದು ಶಾಲೆಗೆ ಇಪ್ಪತ್ತು ಮಕ್ಕಳೂ ಇಲ್ಲ. ದೊಡ್ಡ ಕೋಣೆ, ಉದ್ದ ಜಗಲಿ, ಎದುರಿಗೆ ಮೈದಾನ. ಬೆಂಗಳೂರಿನಲ್ಲಿ ಒಂದೇ ಕೋಣೆಗೆ ಐವತ್ತು ಅರವತ್ತು ಮಕ್ಕಳನ್ನು ತುಂಬುವ ಶಾಲೆಗೂ, ಗುಡ್ಡದ ಬುಡದ ಈ ಶಾಲೆಗೂ ಒಂದೇ ದಿನ ಒಂದೇ ಆದೇಶ ಯಾಕೆ? 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಶಿಕ್ಷಕರು ದೇವಸ್ಥಾನದ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ನನಗೆ ಅದು ತುಂಬ ಇಷ್ಟವಾಗಿತ್ತು. ಅಕ್ಟೋಬರ್‌ನಲ್ಲಿ ಕೆಲವು ಕಡೆ ಸೋಂಕಿನ ಸುದ್ದಿ ಬಂತು, ಇಡೀ ರಾಜ್ಯದಲ್ಲಿ ನಿಲ್ಲಿಸಿದರು. ಸೋಂಕು ಬಂದ ಊರಿನಲ್ಲಿ ಹದಿನೈದು ದಿನ ನಿಲ್ಲಿಸಿದ್ದರೆ ಸಾಕಿತ್ತು.

ಆನ್‌ಲೈನ್ ಪಾಠದ ಬಗ್ಗೆ ನಿನಗೆ ನಾನು ಹೇಳಬೇಕಿಲ್ಲ. ಡಿಗ್ರಿ ಕ್ಲಾಸಿಗೆ ಅಂತ ನೀನು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದೆ, ಕಾಲಿಗೆ ಉಂಬಳ ಹತ್ತಿಸಿಕೊಂಡು ಬರುತ್ತಿದ್ದೆ. ನಿನಗೆ ಹದಿನೆಂಟು ವರ್ಷವಾಗಿತ್ತು, ಛಲ ಇತ್ತು. ಎಂಟು ವರ್ಷದ ಮಗುವನ್ನು ಸಿಗ್ನಲ್ ಹುಡುಕಲು ಯಾರು ಗುಡ್ಡಕ್ಕೆ ಕಳಿಸುತ್ತಾರೆ? ಮನೆಗೆ ಇರುವುದೇ ಒಂದು ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಚಂದನ ಟೀವಿಯಲ್ಲಿ ಪಾಠ ಬರುತ್ತಿತ್ತು ಸರಿ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಎಲ್ಲರಿಗೂ ಗೊತ್ತು. 2021ರ ಆಗಸ್ಟ್‌ನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳ ಸಮೀಕ್ಷೆ ಮಾಡಿದವರು ಹೇಳಿದ್ದು ಇಷ್ಟು: ಹಳ್ಳಿಯ ಮಕ್ಕಳಲ್ಲಿ ನೂರಕ್ಕೆ ಎಂಟು ಜನ ಮಾತ್ರ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದರು, 37 ಜನ ಏನೂ ಓದುತ್ತಲೇ ಇರಲಿಲ್ಲ.

ನೀನು ಕಳಿಸಿದ್ದ ವರದಿಗಳನ್ನೂ ನಿಧಾನಕ್ಕೆ ಓದಿದೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನವರು 2018ರಲ್ಲಿ ನೂರಕ್ಕೆ 19 ಜನ ಇದ್ದರು. ಅದೇ ಕಡಿಮೆ. 2021ರ ಮಾರ್ಚ್‌ನಲ್ಲಿ ಮಕ್ಕಳ ಓದನ್ನು ಪರೀಕ್ಷಿಸುವ ಅಸರ್ ಸಮೀಕ್ಷೆಯವರು ಕೇಳಿದಾಗ ಸುಮಾರು ಹತ್ತಕ್ಕೆ ಇಳಿದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿದರಂತೆ. ಅವರಲ್ಲಿ ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷೆಯ ಏನೋ ಒಂದನ್ನಾದರೂ ಮರೆತಿದ್ದರು. ಹೊಸದನ್ನು ಕಲಿಯಲಿಲ್ಲ, ಕಲಿತದ್ದೂ ಹೋಯಿತು.

ವರದಿಯಲ್ಲಿ ಬಾರದ ಸಂಗತಿಗಳನ್ನು ನಾನು ಮನೆ ಮನೆಯಲ್ಲಿ ಕಂಡೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತು ಗಂಟೆಗೂ ಮಕ್ಕಳು ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ನಾಳೆ ಬೆಳಿಗ್ಗೆ ಶಾಲೆಗೆ ಏಳಬೇಕು ಅನ್ನುವ ತಡೆ ಇರಲಿಲ್ಲವಲ್ಲ. ಬಿಸಿಯೂಟದ ಬದಲಿಗೆ ಅಕ್ಕಿ ಬೇಳೆ ಮನೆಗೆ ಕೊಟ್ಟರು. ಆ ಅಕ್ಕಿ ಮನೆಯವರೆಲ್ಲರ ಪಾತ್ರೆಗೆ ಹೋಗುತ್ತದೆ, ಮಗುವಿನ ತಟ್ಟೆಗೇ ಬರಬೇಕು ಅಂತಿಲ್ಲ. ಬೆಳಿಗ್ಗೆಯ ಹಾಲೂ ನಿಂತಿತು. ದೊಡ್ಡವಳಾದ ಹುಡುಗಿಗೆ ಗಂಡು ಹುಡುಕುವ ಮಾತು ಒಂದು ಮನೆಯಲ್ಲಿ ನನ್ನ ಎದುರಿಗೇ ಬಂತು. ಒಂಬತ್ತನೇ ಕ್ಲಾಸು ಅವಳು. 'ಶಾಲೆ ಹೇಗೂ ಇಲ್ಲ, ಸುಮ್ನೆ ಮನೆಯಲ್ಲಿ ಇಟ್ಟುಕೊಂಡು ಏನು ಮಾಡೋದು ಅಕ್ಕ' ಅಂದರು ಅವಳ ತಾಯಿ. ನಾನು, ಅಂಗನವಾಡಿ ಟೀಚರ್ ಇಬ್ಬರೂ ಕೂತು ಮಾತಾಡಿ ತಪ್ಪಿಸಿದೆವು. ಶಾಲೆ ಇದ್ದಿದ್ದರೆ ಆ ಮಾತೇ ಹುಟ್ಟುತ್ತಿರಲಿಲ್ಲ. ಶಾಲೆ ಅಂದರೆ ಪಾಠ ಮಾತ್ರ ಅಲ್ಲ ಪುಟ್ಟಿ. ಮಗುವಿನ ಊಟ, ನಿದ್ದೆ, ಮದುವೆಯ ವಯಸ್ಸು ಎಲ್ಲವನ್ನೂ ಅದು ಕಾಯುತ್ತದೆ.

ಹಾಗಾದರೆ ಮುಂದೆ ಏನು ಮಾಡಬೇಕು? ಬರುವ ಕಾಯಿಲೆ ಕೊರೊನಾ ಥರವೇ ಇರುತ್ತದೆ ಅಂತ ಹೇಳುವ ಹಾಗಿಲ್ಲ. ದಡಾರದ ಹಾಗೆ ಮಕ್ಕಳನ್ನೇ ಹಿಡಿಯುವಂಥದ್ದು ಬಂದರೆ ಮೊದಲು ಮುಚ್ಚಬೇಕಾದ್ದೇ ಶಾಲೆ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳನ್ನು ಬಿಟ್ಟು ದೊಡ್ಡವರನ್ನು ಹಿಡಿಯುವಂಥದ್ದಾದರೆ ಮೊದಲು ಜಾತ್ರೆ ನಿಲ್ಲಲಿ, ಸಭೆ ನಿಲ್ಲಲಿ, ದೊಡ್ಡ ಮದುವೆ ನಿಲ್ಲಲಿ, ಬಾರ್ ಮುಚ್ಚಲಿ. ಅದಾದ ಮೇಲೂ ಆಗದಿದ್ದರೆ ಶಾಲೆ. ತೆರೆಯುವಾಗ ಶಾಲೆಯೇ ಮೊದಲು, ಅದರಲ್ಲೂ ಒಂದನೇ ಕ್ಲಾಸು ಮೊದಲು. ಮುಚ್ಚುವ ಆದೇಶದಲ್ಲೇ ಮತ್ತೆ ಯಾವತ್ತು ಕೂತು ನೋಡುತ್ತೇವೆ ಅನ್ನುವ ತಾರೀಕು ಇರಬೇಕು. 'ಮುಂದಿನ ಆದೇಶದವರೆಗೆ' ಅನ್ನುವ ಸಾಲಿನಿಂದಲೇ ಮಕ್ಕಳ ವರ್ಷ ಹೋಗಿದ್ದು. ಲಸಿಕೆ ಬಂದ ದಿನ ನಮಗೆ, ನರ್ಸ್‌ಗಳಿಗೆ ಕೊಟ್ಟ ಹಾಗೆ ಶಿಕ್ಷಕರಿಗೂ, ಬಿಸಿಯೂಟದ ಅಕ್ಕಂದಿರಿಗೂ ಅದೇ ಸಾಲಿನಲ್ಲಿ ಕೊಡಬೇಕು. ಆಗ ನಿಮ್ಮ ಮೇಡಂ ಥರದವರು ಜೀವ ಕೈಯಲ್ಲಿ ಹಿಡಿದು ಶಾಲೆಗೆ ಬರಬೇಕಾಗುವುದಿಲ್ಲ. ಬೀಗದ ಕೈ ತಾಲ್ಲೂಕಿನಲ್ಲಿ ಇರಲಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ತಾಲ್ಲೂಕು ಆರೋಗ್ಯಾಧಿಕಾರಿ, ಪಂಚಾಯಿತಿಯವರು ಕೂತು ವಾರಕ್ಕೊಮ್ಮೆ ತೀರ್ಮಾನ ಮಾಡಲಿ. ಯಾವ ಊರಿನಲ್ಲಿ ಯಾರಿಗೆ ಜ್ವರ ಅಂತ ನಮ್ಮ ಕೈಯ ಪುಸ್ತಕದಲ್ಲೇ ಬರೆದಿರುತ್ತದೆ. ನಮ್ಮನ್ನು ಕೇಳಿದರೆ ಸಾಕು.

ಆ ಮೇಡಂ ಜೊತೆ ಇನ್ನೊಮ್ಮೆ ಕೂತು ಮಾತಾಡು. ಎರಡನೇ ಅಲೆಯಲ್ಲಿ ಅವರು ಗಂಡನನ್ನು ಕಳೆದುಕೊಂಡರು ಅಂದೆಯಲ್ಲ. ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಿಯಮ ಮಾಡುವಾಗ ಅವರಂಥವರೇ ಮುಂದೆ ಕೂರಬೇಕು.

ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ವಿಷಯ ಎತ್ತು. ಶಾಲೆ ಹದಿನೈದು ದಿನ ಮುಚ್ಚಬೇಕಾಗಿ ಬಂದರೆ ಯಾವ ಕೇರಿಯ ಮಕ್ಕಳು ಯಾರ ಮನೆಯ ಜಗಲಿಯಲ್ಲಿ ಕೂರುತ್ತಾರೆ, ಯಾವ ಶಿಕ್ಷಕರು ಎಲ್ಲಿಗೆ ಹೋಗುತ್ತಾರೆ, ಊಟ ಬೇಯಿಸಿ ಕೊಡುವವರು ಯಾರು ಅಂತ ಈಗಲೇ ನಡವಳಿ ಪುಸ್ತಕದಲ್ಲಿ ಬರೆಸಿಬಿಡಿ. ಅತಿಥಿ ಶಿಕ್ಷಕಿ ಮಾತನ್ನು ಯಾರು ಕೇಳುತ್ತಾರೆ ಅನ್ನಬೇಡ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ ಒಪ್ಪಿಸು, ತಾಯಂದಿರನ್ನು ಸಭೆಗೆ ಕರೆಸು. ಅವರು ನಿನಗಿಂತ ಗಟ್ಟಿಯಾಗಿ ಕೇಳುತ್ತಾರೆ.

ಓದಲು ಕಷ್ಟಪಡುವ ಮಕ್ಕಳು ಎಷ್ಟು ಜನ ಅಂತ ಬರೆದು ಕಳಿಸು. ದೊಡ್ಡ ಅಕ್ಷರದ ಕಥೆಪುಸ್ತಕಗಳನ್ನು ಶಿವಮೊಗ್ಗದಿಂದ ತರಿಸಿ, ಶನಿವಾರದ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತೇನೆ.

ನಿನ್ನ
ಅಮ್ಮ