ಯಾರನ್ನು ಕೇಳಿ ಕಳಿಸಿದರು?

ತಂಗೀ,

ನಿನ್ನ ಐರ್ಲೆಂಡ್ ಲೇಖನವನ್ನು ಎರಡು ಸಲ ಓದಿದೆ. ‘ಶಾಂತಿಪ್ರಿಯ ತಟಸ್ಥ ರಾಷ್ಟ್ರ’ ಅನ್ನುವ ಮಾತು ಐದು ಕಡೆ ಬಂದಿದೆ. ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ಬರೆದು ಕೊಟ್ಟಿದ್ದೆ. ಡೆಸ್ಕಿನಲ್ಲಿದ್ದ ಹಿರಿಯರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾರನ್ನು ಕೇಳಿ ಸೈನ್ಯ ಕಳಿಸಿದರು?’ ಎಂದಷ್ಟೇ ಗೀಚಿ ವಾಪಸ್ ಕೊಟ್ಟರು. ನನಗೆ ಉತ್ತರ ಗೊತ್ತಿರಲಿಲ್ಲ. ನಿನ್ನ ಲೇಖನದಲ್ಲೂ ಅದಿಲ್ಲ.

ಉತ್ತರ ಇರುವುದು ಅಲ್ಲಿನವರು ‘ಟ್ರಿಪಲ್ ಲಾಕ್’ ಅನ್ನುವ ಮೂರು ಬೀಗಗಳಲ್ಲಿ. 12ಕ್ಕಿಂತ ಹೆಚ್ಚು ಸಶಸ್ತ್ರ ಸೈನಿಕರು ಶಾಂತಿಪಾಲನೆಗೆ ಹೊರಡಬೇಕಾದರೆ ಸಂಪುಟ, ಸಂಸತ್ತಿನ ಕೆಳಮನೆಯಾದ ಡಾಯಿಲ್, ವಿಶ್ವಸಂಸ್ಥೆ ಮೂರೂ ಒಪ್ಪಬೇಕು. 2001ರಲ್ಲಿ ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದವನ್ನು ಐರ್ಲೆಂಡಿನ ಜನ ಮತ ಹಾಕಿ ತಿರಸ್ಕರಿಸಿದರು. ಐರೋಪ್ಯ ಸೈನ್ಯಕ್ಕೆ ಎಳೆದೊಯ್ದಾರೆಂಬ ಅಂಜಿಕೆಯೂ ಅದಕ್ಕೆ ಒಂದು ಕಾರಣ. ಮರುವರ್ಷ ಸ್ಪೇನಿನ ಸೆವಿಲ್‌ನಲ್ಲಿ ಮಾಡಿದ ಘೋಷಣೆಯಲ್ಲಿ ಸರ್ಕಾರ ಈ ಬೀಗಗಳ ಮಾತು ಕೊಟ್ಟಿತು, ಎರಡನೇ ಸಲದ ಮತದಾನದಲ್ಲಿ ಒಪ್ಪಂದವೂ ಪಾಸಾಯಿತು.

ನಿಯಮ ಹೇಳಿ ಮುಗಿಸಬೇಡ, ಬೀಗ ಸಿಕ್ಕಿಕೊಂಡದ್ದನ್ನು ತೋರಿಸು. 2003ರಲ್ಲಿ ಐರೋಪ್ಯ ಒಕ್ಕೂಟ ತನ್ನ ಮೊದಲ ಸೇನಾ ಕಾರ್ಯಾಚರಣೆಗೆ ಮ್ಯಾಸಿಡೋನಿಯಾಕ್ಕೆ ಹೊರಟಿತು. ಆ ದೇಶದ ಸರ್ಕಾರವೇ ಕರೆದಿತ್ತು. ಭದ್ರತಾ ಮಂಡಳಿ ಅಲ್ಲಿನ ಶಾಂತಿಯತ್ನವನ್ನು ಸ್ವಾಗತಿಸಿತ್ತೇ ಹೊರತು, ಪಡೆಗೆ ಅಧಿಕಾರ ಕೊಡುವ ಠರಾವು ಮಾಡಿರಲಿಲ್ಲ. ಆ ಒಂದು ಮಾತು ಇಲ್ಲದ್ದಕ್ಕೆ ಐರಿಷ್ ಸೈನಿಕರು ಮನೆಯಲ್ಲೇ ಉಳಿದರು. (ನೀನು 1999ರ ಚೀನಾ ವೀಟೊವನ್ನೇ ನೇರ ಕಾರಣ ಮಾಡಿದ್ದೀಯ. ಅದು ಬಿದ್ದದ್ದು ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ಮುಂದುವರಿಸುವ ವಿಚಾರಕ್ಕೆ. ತಿದ್ದಿಬಿಡು.) ಇನ್ನೊಂದು ಕಡೆ, 2023ರಲ್ಲಿ ಸುಡಾನ್‌ನಿಂದ ತಮ್ಮವರನ್ನು ಕರೆತರಲು 12 ಮಂದಿಯವರೆಗೆ ಕಳಿಸಲು ಸಂಪುಟ ಒಪ್ಪಿತು. 13 ಅಲ್ಲ, 12. ಲೇಖನ ಅಲ್ಲಿಂದಲೇ ಶುರುವಾಗಬಹುದಿತ್ತು.

ಪೆಸ್ಕೊ ಎಂಬ ಐರೋಪ್ಯ ರಕ್ಷಣಾ ಸಹಕಾರವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯ. 2017ರ ಡಿಸೆಂಬರ್ 7ರಂದು ಡಾಯಿಲ್ 75–42 ಮತಗಳಿಂದ ಅದಕ್ಕೆ ಒಪ್ಪಿತು. ಚರ್ಚೆಗೆ ಸಮಯವನ್ನೇ ಕೊಡದೆ ತರಾತುರಿ ಮಾಡಿದರು ಎಂಬುದು ವಿರೋಧ ಪಕ್ಷಗಳ ದೂರು. ಆ ದಿನದ ಕಲಾಪ ಪೂರ್ತಿ ಓದು. ಬೇಸರವಾಗುತ್ತದೆ, ಆದರೂ ಓದು.

2025ರ ಕರಡು ಮಸೂದೆ ವಿಶ್ವಸಂಸ್ಥೆಯ ಬೀಗ ತೆಗೆದು, 12ನ್ನು 50 ಮಾಡುತ್ತದೆ. ‘ನಮ್ಮ ಸೈನಿಕರ ಕೀಲಿ ಭದ್ರತಾ ಮಂಡಳಿಯಲ್ಲಿ ವೀಟೊ ಇರುವ ರಷ್ಯಾ, ಚೀನಾದ ಕೈಯಲ್ಲಿ ಏಕಿರಬೇಕು’ ಎಂಬುದು ಅಲ್ಲಿನ ಸರ್ಕಾರದ ವಾದ. ತಳ್ಳಿಹಾಕುವಂಥದ್ದಲ್ಲ. ಆದರೆ ಸಂಪುಟಕ್ಕೆ ಬಹುಮತವಿರುವ ಮನೆಯಲ್ಲಿ ಉಳಿದ ಎರಡು ಬೀಗಕ್ಕೂ ಕೀಲಿ ಹೆಚ್ಚುಕಡಿಮೆ ಒಂದೇ. ನನಗೆ ಕಾಡುವುದು ಅದು. ನೀನು ಒಪ್ಪಲೇಬೇಕೆಂದಿಲ್ಲ.

ಜನರಲ್ ತಿಮ್ಮಯ್ಯನವರ ವಿಷಯ ಲೇಖನದಲ್ಲಿ ಉಳಿಯಲಿ. ನಮ್ಮ ಕೊಡಗಿನವರು 1964ರಿಂದ, 1965ರಲ್ಲಿ ತೀರಿಕೊಳ್ಳುವವರೆಗೆ ಸೈಪ್ರಸ್‌ನಲ್ಲಿ ನಡೆಸಿದ ವಿಶ್ವಸಂಸ್ಥೆಯ ಪಡೆಯಲ್ಲಿ ಐರಿಷ್ ಸೈನಿಕರೂ ಇದ್ದರು. ಆದರೆ ಮೊದಲ ಪ್ಯಾರಾದಿಂದ ಕೆಳಗಿಳಿಸು, ಅಲ್ಲಿ ಅದು ಬರೀ ಅಲಂಕಾರ.

ತಿದ್ದಿದ್ದನ್ನು ಕಳಿಸು. ಕೆಂಪು ಪೆನ್ನು ನನ್ನಲ್ಲೂ ಇದೆ.

ಇಂತಿ,
ನಿನ್ನ ಅಣ್ಣ