ರಾಶಿಫಲದಷ್ಟೇ ಜಾಗ ಮಕ್ಕಳ ಪ್ರಶ್ನೆಗೂ ಕೊಡಿ

ಮಾನ್ಯ ಸಂಪಾದಕರಿಗೆ,

ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡರು. 86 ವರ್ಷ ಆಗಿತ್ತು. ಕೇಂಬ್ರಿಜ್‌ನಲ್ಲಿ ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಜೊತೆ ಮಾಡಿದ ಕೆಲಸ, 1965ರಲ್ಲಿ ಇನ್ನೂ ಹುಡುಗನಂತಿದ್ದಾಗಲೇ ಬಂದ ಪದ್ಮಭೂಷಣ, 1988ರಲ್ಲಿ ಪುಣೆಯಲ್ಲಿ ಕಟ್ಟಿದ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆ, ಇದೆಲ್ಲ ಪತ್ರಿಕೆಗಳಲ್ಲಿ ಬಂದಿದೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಅವರ ಪೋಸ್ಟ್ ಕಾರ್ಡಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಆಟೋಗ್ರಾಫ್ ಕೇಳುವ ಮಕ್ಕಳಿಗೆ ಅವರು ಸುಮ್ನೆ ಸಹಿ ಹಾಕಿ ಕಳಿಸುತ್ತಿರಲಿಲ್ಲ. ಒಂದು ಪ್ರಶ್ನೆ ಬರೆದು ಪೋಸ್ಟ್ ಕಾರ್ಡ್ ಹಾಕಿ ಎನ್ನುತ್ತಿದ್ದರು. ಉತ್ತರ ಬರೆದು, ಅದರ ಕೆಳಗೆ ಸಹಿ ಹಾಕಿ ಕಳಿಸುತ್ತಿದ್ದರು. ಒಂದು ದೊಡ್ಡ ಸಂಸ್ಥೆಯ ನಿರ್ದೇಶಕರು, ಯಾವುದೋ ಊರಿನ ಆರನೇ ತರಗತಿ ಹುಡುಗನ ಪ್ರಶ್ನೆಗೆ ಕೂತು ಉತ್ತರ ಬರೆಯುವುದೆಂದರೆ ಸಣ್ಣ ಮಾತಲ್ಲ. ನಮ್ಮ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್, ಬಸವಕಲ್ಯಾಣದ ಕಡೆ ಮರಾಠಿ ಓದುವವರು ಬಹಳ ಜನ ಇದ್ದಾರೆ. ಅವರಿಗೆ ನಾರ್ಳೀಕರ್ ಕತೆಗಾರರಾಗಿಯೂ ಗೊತ್ತು. ಮರಾಠಿಯಲ್ಲಿ ಬರೆದ ಆತ್ಮಕಥೆಗೆ ಅವರಿಗೆ 2014ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

2025ರ ಜನವರಿ ನೆನಪಿಸಿಕೊಳ್ಳಿ. ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬೆಳ್ಳಂಬೆಳಿಗ್ಗೆ ಮನೆಯೊಂದರ ಮೇಲೆ ಭಾರಿ ಬಲೂನು ಬಂದು ಬಿತ್ತು. ಜೊತೆಗೆ ದೊಡ್ಡ ಯಂತ್ರವೊಂದು. ಜಲಸಂಗಿ ಎಂದರೆ ಅಲ್ಲಿನ ಗುಡಿ, ಶಾಸನ ಬರೆಯುವ ಶಿಲಾಬಾಲಿಕೆ ಎಂದಷ್ಟೇ ಗೊತ್ತಿದ್ದ ನಮಗೆ ಇದು ಹೊಸದು. ಜನ ಮೊದಲು ಗಾಬರಿಯಾದರು, ಆಮೇಲೆ ಮೊಬೈಲ್ ತೆಗೆದರು. ಅದು ಹೈದರಾಬಾದಿನಲ್ಲಿರುವ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಬಲೂನು ಕೇಂದ್ರದವರು ಪ್ರಯೋಗಕ್ಕೆ ಹಾರಿಸಿದ್ದು ಎಂದು ಗೊತ್ತಾದ ಮೇಲೆ ಸುದ್ದಿ ಮುಗಿಯಿತು. ಆದರೆ ಮಕ್ಕಳ ಪ್ರಶ್ನೆ ಮುಗಿದಿರಲಿಲ್ಲ. ಇಷ್ಟು ದೊಡ್ಡದು ಹೇಗೆ ಮೇಲೆ ಹೋಯಿತು? ಒಳಗೆ ಯಾವ ಗ್ಯಾಸ್? ನಮ್ಮ ಕಡೆಗೇ ಯಾಕೆ ಬಂತು? ದೊಡ್ಡವರ ಹತ್ತಿರ ಉತ್ತರ ಇರಲಿಲ್ಲ.

ಇಂಥದೇ ಬಲೂನನ್ನು ಅದೇ ಕೇಂದ್ರದಿಂದ ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತರಿಸಿದ ಪ್ರಯೋಗವೊಂದಕ್ಕೆ ನಾರ್ಳೀಕರ್ ಅವರೇ ಮುಂದಾಳು. ಅಷ್ಟು ಎತ್ತರದಲ್ಲಿ ಜೀವ ಇದೆಯಾ ಎಂದು ನೋಡಬೇಕಿತ್ತು. ಅದುವರೆಗೆ ಯಾರೂ ಗುರುತಿಸದ ಮೂರು ಬ್ಯಾಕ್ಟೀರಿಯಾ ಸಿಕ್ಕಿವೆ ಎಂದು ಇಸ್ರೋ 2009ರಲ್ಲಿ ಹೇಳಿತು. ಒಂದಕ್ಕೆ ಹಾಯ್ಲ್ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು ಇಟ್ಟರು. ಅವು ಬಾಹ್ಯಾಕಾಶದಿಂದ ಬಂದವು ಎಂದು ಇದರಿಂದ ಸಾಬೀತಾಗಲಿಲ್ಲ, ಆಗಿದೆ ಎಂದು ಇಸ್ರೋ ಹೇಳಲೂ ಇಲ್ಲ. ಜಲಸಂಗಿಯ ಮಕ್ಕಳಿಗೆ ಆ ವಾರವೇ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಅವರು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಬ್ರಹ್ಮಾಂಡ ಮಹಾಸ್ಫೋಟದಿಂದ ಶುರುವಾಯಿತು ಎನ್ನುವುದನ್ನು ಅವರು ಒಪ್ಪಲೇ ಇಲ್ಲ. ಹೆಚ್ಚಿನ ವಿಜ್ಞಾನಿಗಳು ಆ ಕಡೆ ಹೋದರೂ ಇವರು ಈ ಕಡೆಯೇ ಉಳಿದರು. ಆದರೆ ಐಯುಕಾದಲ್ಲಿ ಮಹಾಸ್ಫೋಟ ಒಪ್ಪುವವರಿಗೂ ಜಾಗ ಇತ್ತು. ನಮ್ಮಲ್ಲಿ ಎರಡು ಮಠದವರು ಒಂದೇ ವೇದಿಕೆಗೆ ಬರುವುದೇ ಕಷ್ಟ.

ಜ್ಯೋತಿಷ್ಯವನ್ನೂ ಅವರು ಬರೀ ಬೈದು ಬಿಡಲಿಲ್ಲ. ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಮುಂತಾದವರ ಜೊತೆ ಸೇರಿ ಪರೀಕ್ಷೆ ಇಟ್ಟರು. ಓದಿನಲ್ಲಿ ಚುರುಕಾದ 100 ಮಕ್ಕಳದು, ಬುದ್ಧಿ ಬೆಳವಣಿಗೆ ಕುಂಠಿತವಾದ 100 ಮಕ್ಕಳದು, ಒಟ್ಟು 200 ಜಾತಕ. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕಳಿಸಿ, ಯಾವುದು ಯಾವ ಗುಂಪಿನದು ಹೇಳಿ ಎಂದರು. ಉತ್ತರ ಕಳಿಸಿದವರು 27 ಮಂದಿ. ಸರಿಯಾಗಿದ್ದು ಸರಾಸರಿ ಶೇ 46. ನಾಣ್ಯ ಚಿಮ್ಮಿಸಿದ್ದರೂ ಅರ್ಧ ಸರಿ ಬರುತ್ತಿತ್ತು, ಅಲ್ವಾ?

ಇಲ್ಲಿಗೆ ನನ್ನ ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ರಾಶಿಫಲ ದಿನಾ ಬರುತ್ತದೆ. ಅದನ್ನು ತೆಗೆಯಿರಿ ಎಂದರೆ ನೀವು ತೆಗೆಯುವುದಿಲ್ಲ, ನಮ್ಮ ಮನೆಯಲ್ಲೇ ಗಲಾಟೆ ಆಗುತ್ತದೆ. ವಾರಕ್ಕೊಮ್ಮೆ ಅಷ್ಟೇ ಜಾಗವನ್ನು ಮಕ್ಕಳ ಪ್ರಶ್ನೆಗೆ ಕೊಡಿ. ಪ್ರಶ್ನೆ ಪೋಸ್ಟ್ ಕಾರ್ಡಿನಲ್ಲೇ ಬರಲಿ. ಅದರ ಬೆಲೆ ಇವತ್ತಿಗೂ 50 ಪೈಸೆ, ಕೊಳ್ಳುವವರೇ ಕಡಿಮೆ. ಉತ್ತರ ಹೇಳಲು ನಮ್ಮಲ್ಲಿ ಜನರಿಗೆ ಬರವಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ದನಕರುಗಳ ಬಗ್ಗೆ ಕೇಳಿದರೆ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಉತ್ತರ ಮಾತ್ರ ಪಠ್ಯಪುಸ್ತಕದ ಭಾಷೆಯಲ್ಲಿ ಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಅಚ್ಚು ಹಾಕಿ, ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ.

ಜೂನ್‌ನಲ್ಲಿ ಶಾಲೆಗಳು ಪೂರ್ತಿ ಶುರುವಾಗುತ್ತವೆ. ನೀವು ಒಪ್ಪಿದರೆ ಮೊದಲ ವಾರದ ಕಾರ್ಡುಗಳನ್ನು ನಮ್ಮ ಓಣಿಯ ಮಕ್ಕಳಿಂದ ಬರೆಸಿ ಕಳಿಸುತ್ತೇನೆ. ಖರ್ಚು ನನ್ನದೇ.

ಇಂತಿ,
ನಿವೃತ್ತ ಅಂಚೆ ನೌಕರ
ಹುಮನಾಬಾದ್, ಬೀದರ್ ಜಿಲ್ಲೆ